ಬೇಡ ಎನ್ನುವ ಅಂಗಡಿ: ಪೆರ್ಲ ಹತ್ತಿರದ ಹಪ್ಪಳದ ಅಕ್ಕನಲ್ಲಿ ಶಾರ್ಜಾಕ್ಕೆ ಪೆಟ್ಟಿಗೆ ಕಟ್ಟಿಸಿದ್ದು

ಆಗಸ್ಟ್ ಕೊನೆಯ ವಾರ ಬಂತೆಂದರೆ ನಮ್ಮ ಮನೆಯ ಜಗಲಿಗೆ ತಕ್ಕಡಿ ಬರುತ್ತದೆ. ಪೆಟ್ಟಿಗೆ ತೂಗುವ ಸಣ್ಣ ಕೈತಕ್ಕಡಿ. ಮಕ್ಕಳ ಶಾಲೆ ಶುರುವಾಗುವ ಮೊದಲು ಶಾರ್ಜಾ ಸೇರಬೇಕು, ನಮ್ಮ ಟಿಕೆಟ್‌ನಲ್ಲಿ ಒಬ್ಬರಿಗೆ 30 ಕಿಲೋ, ಅದರಲ್ಲಿ ಬಟ್ಟೆ, ಮಕ್ಕಳ ಪುಸ್ತಕ, ಅವರಿವರು ಕೊಟ್ಟ ಕಟ್ಟು ಎಲ್ಲ ಹಿಡಿಯಬೇಕು. ಹನ್ನೊಂದು ವರ್ಷದಿಂದ ಹೀಗೆಯೇ. ಕೊನೆಯ ರಾತ್ರಿ ಪೆಟ್ಟಿಗೆ ಬಿಚ್ಚಿ ಮೂರು ಕಿಲೋ ತೆಗೆಯುವಾಗ ಅತ್ತೆಯ ಮುಖ ಸಣ್ಣದಾಗುವುದನ್ನು ಪ್ರತಿ ಸಲ ನೋಡಿದ್ದೇನೆ. ಈ ಸಲ ಹಾಗಾಗಲಿಲ್ಲ. ಒಂದೂ ತೆಗೆಯಲಿಲ್ಲ. ಅದಕ್ಕೆ ಕಾರಣ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಹತ್ತಿರದ ಒಂದು ಸಣ್ಣ ಅಂಗಡಿ. ಗಲ್ಫ್‌ನಲ್ಲಿರುವ ನಮ್ಮ ಕಡೆಯವರಿಗೆ ಗೊತ್ತಿರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಚೆರ್ಕಳದಿಂದ ಬದಿಯಡ್ಕ, ಉಕ್ಕಿನಡ್ಕ ದಾಟಿ ಕಲ್ಲಡ್ಕಕ್ಕೆ ಹೋಗುವ ರಸ್ತೆ ಇದೆಯಲ್ವಾ, ಅದರಲ್ಲಿ ಪೆರ್ಲ ಪೇಟೆ ಸಿಗುವ ಸ್ವಲ್ಪ ಮೊದಲು ಒಂದು ಹಂಚಿನ ಮನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೆಸರಿನ ಬೋರ್ಡ್ ಇಲ್ಲ. 'ಹಪ್ಪಳ, ಸಂಡಿಗೆ, ಉಪ್ಪಿನಕಾಯಿ' ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಬರೆದ ಒಂದು ತಗಡು ತೂಗಾಡುತ್ತದೆ, ಅಷ್ಟೇ. ಯಾರನ್ನು ಕೇಳಿದರೂ ಹಪ್ಪಳದ ಅಕ್ಕನಲ್ಲಿಗಾ ಅಂತ ದಾರಿ ತೋರಿಸುತ್ತಾರೆ. ಅಕ್ಕನಿಗೆ ಅರುವತ್ತರ ಹತ್ತಿರ ಇರಬಹುದು. ಪೆಟ್ಟಿಗೆ ಕಟ್ಟುವುದು ಅವರ ತಮ್ಮ. ಕುವೈತ್‌ನಲ್ಲಿ ತುಂಬ ವರ್ಷ ಇದ್ದು ಬಂದವರು. ಅವರು ಜಾಸ್ತಿ ಮಾತಾಡುವುದಿಲ್ಲ, ಟೇಪ್ ಹರಿಯುವ ಸದ್ದು ಮಾತ್ರ ಕೇಳುತ್ತಿರುತ್ತದೆ.

ನಾನು ಹೋದದ್ದು ಜೋರು ಮಳೆಯಲ್ಲಿ. ಕೈಯಲ್ಲಿ ದೊಡ್ಡ ಚೀಟಿ ಇತ್ತು. ಅಕ್ಕ ಚೀಟಿ ನೋಡುವ ಮೊದಲೇ ಕೇಳಿದರು.

"ಎಂತ ತಂಗೀ, ಯಾವ ಊರಿಗೆ ಹೋಗುವುದು?"

"ಶಾರ್ಜಾಕ್ಕೆ ಅಕ್ಕಾ."

"ವಿಮಾನ ಮಂಗಳೂರಿಂದಲಾ, ಕಣ್ಣೂರಿಂದಲಾ? ಯಾವಾಗ?"

"ಮಂಗಳೂರಿಂದ. ನಾಡಿದ್ದು."

"ಹಾಗಾದ್ರೆ ಕೂತ್ಕೊಳ್ಳಿ. ಚೀಟಿ ಕೊಡಿ ನೋಡುವಾ."

ಆಮೇಲೆ ಅವರು ಚೀಟಿ ಹಿಡಿದು ಒಂದೊಂದೇ ಸಾಲು ಓದುತ್ತಾ ಹೋದರು, ಮೂರರಲ್ಲಿ ಒಂದಕ್ಕೆ 'ಇದು ಬೇಡ' ಅಂದರು. ಅಂಗಡಿಯವರು ಗಿರಾಕಿಗೆ ಇಷ್ಟು ಸಲ ಬೇಡ ಅನ್ನುವುದನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಕೊಬ್ಬರಿ ಎರಡು ಕಿಲೋ ಅಂತ ಬರೆದಿದ್ದೆ. ಬೇಡ, ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಅದರಲ್ಲಿ ಎಣ್ಣೆ ಜಾಸ್ತಿ, ಕಟ್ಟಿದಲ್ಲಿಯೇ ಬಿಸಿಯಾಗಿ ಬೆಂಕಿ ಹಿಡಿಯುವ ವಸ್ತು, ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಬಿಚ್ಚಿಸಿ ತೆಗೆಸುತ್ತಾರೆ ಅಂದರು. ಮನೆಯಲ್ಲಿ ಮಾಡಿದ ಮಸಾಲೆ ಪುಡಿ ಹಾಕ್ತೀರಾ, ಅದಕ್ಕೆ ಗಸಗಸೆ ಹಾಕಿದ್ದಾರಾ ಅಂತ ಕೇಳಿದರು. ನನಗೆ ಎದೆ ಧಸಕ್ಕೆಂದಿತು. ಗಸಗಸೆ ಅಫೀಮು ಗಿಡದ ಬೀಜ, ಯುಎಇಗೆ ತರುವ ಹಾಗೆಯೇ ಇಲ್ಲ, ಅದು ಅಲ್ಲಿರುವ ನಮಗೆ ಗೊತ್ತಿರುವ ವಿಷಯ. ಆದರೆ ಅಮ್ಮ ಪ್ರೀತಿಯಿಂದ ಹುರಿದು ಕೊಟ್ಟ ಪುಡಿಯಲ್ಲಿ ಏನೇನಿದೆ ಅಂತ ಯಾರು ಕೇಳುತ್ತಾರೆ? ಅಲ್ಲಿಂದಲೇ ನೀರ್ಚಾಲಿಗೆ ಅಮ್ಮನಿಗೆ ಫೋನ್ ಮಾಡಿದೆ. ಒಂದು ಚಮಚ ಹಾಕಿದ್ದೇನೆ ಮಗಳೇ, ಘಮ ಬರ್ಲಿ ಅಂತ, ಅಂದಳು. ಆ ಪುಡಿ ಊರಲ್ಲೇ ಉಳಿಯಿತು. ಈ ಒಂದು ಪ್ರಶ್ನೆಗೇ ನಾನು ಈ ಅಂಗಡಿಗೆ ಋಣಿ.

ವೀಳ್ಯದೆಲೆಯೂ ಹಾಗೆಯೇ. ಚೌತಿಗೆ ದೇವರ ಮುಂದೆ ಇಡಲು ನಾಲ್ಕು ಎಲೆ, ಎರಡು ಅಡಿಕೆ ತೆಗೆದುಕೊಂಡು ಹೋಗೋಣ ಅಂತ ನಮ್ಮವರಿಗೆ ಆಸೆ. ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿ ವೀಳ್ಯದೆಲೆ ಇದೆ. ನಮ್ಮದು ಅಡಿಕೆ ತೋಟದ ಮನೆ. ಅಂಗಳ ತುಂಬ ಅಡಿಕೆ ಒಣಗಿಸಿಕೊಂಡು ಬೆಳೆದವರು ನಾವು, ಪೂಜೆಗೆ ಎರಡು ಒಣ ಅಡಿಕೆ ಒಯ್ಯಲೂ ಹೆದರಬೇಕು ಅನ್ನುವುದು ಇವತ್ತಿಗೂ ಮನಸ್ಸಿಗೆ ಒಗ್ಗುವುದಿಲ್ಲ. ಅಕ್ಕ ಅದನ್ನು ಅರ್ಥ ಮಾಡಿಕೊಂಡೇ ಹೇಳಿದರು. "ಬೇಜಾರು ಮಾಡ್ಬೇಡಿ. ಅಲ್ಲಿ ಹಣ್ಣು, ದಕ್ಷಿಣೆ ಇಡಿ. ದೇವರಿಗೆ ಗೊತ್ತಾಗ್ತದೆ."

ಇನ್ನು ಹಪ್ಪಳ. ಇದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಅಂಗಡಿಯ ಹೆಸರೇ ಅದರಿಂದ ಬಂದದ್ದು.

ಹಲಸಿನ ಹಪ್ಪಳದ ಕೆಲಸ ಆಗುವುದು ಏಪ್ರಿಲ್, ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮೊದಲು. ಬಲಿತ ಕಾಯಿ ಬೇಕು, ಹಣ್ಣಾಗಬಾರದು. ಸೊಳೆ, ಅಂದರೆ ತೊಳೆ ಬಿಡಿಸಿ, ಅಟ್ಟಿನಳಗೆಯಲ್ಲಿ ಹಬೆಗೆ ಬೇಯಿಸಿ, ಉಪ್ಪು ಮೆಣಸು ಹಾಕಿ, ನೀರು ತಾಗಿಸದೆ ಅರೆದು, ಉಂಡೆ ಮಾಡಿ ಒತ್ತಿ, ಚಾಪೆಯ ಮೇಲೆ ಎರಡು ಮೂರು ಬಿಸಿಲು ಒಣಗಿಸಬೇಕು. ಹೇಳುವಾಗ ನಾಲ್ಕು ಸಾಲು. ಮಾಡುವಾಗ ಮನೆಮಂದಿ ಎಲ್ಲ ಬೆಳಗ್ಗಿನಿಂದ ಸಂಜೆವರೆಗೆ ಕೂರಬೇಕು, ಕೈಯ ಅಂಟು ಹೋಗಲು ತೆಂಗಿನೆಣ್ಣೆ ತಿಕ್ಕಬೇಕು, ಮೋಡ ಬಂದರೆ ಓಡಬೇಕು. ನನ್ನ ಅತ್ತೆಗೆ ಈಗ ಮೊಣಕಾಲು ನೋವು. ಮೂರು ವರ್ಷದಿಂದ ಮನೆಯಲ್ಲಿ ಹಪ್ಪಳ ನಿಂತಿದೆ. ಅದಕ್ಕೇ ಅಂಗಡಿ ಹಪ್ಪಳ ಹುಡುಕಲು ಶುರು ಮಾಡಿದ್ದು.

ಮೊದಲ ಸಲ ಪೇಟೆಯ ಒಂದು ದೊಡ್ಡ ಅಂಗಡಿಯಿಂದ ಒಯ್ದಿದ್ದೆ, ಹೆಸರು ಬೇಡ. ಚಂದದ ಪ್ಯಾಕೆಟ್. ಶಾರ್ಜಾದಲ್ಲಿ ಬಿಚ್ಚಿದಾಗ ಮುಗ್ಗು ವಾಸನೆ, ಕಾಯಿಸಿದರೆ ಎಣ್ಣೆ ಕುಡಿದು ದಪ್ಪ ಚಕ್ಕೆಯ ಹಾಗೆ ಉಳಿಯಿತು, ಮೈದಾದ ರುಚಿ ಬೇರೆ. ಅದೇ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಬಾಟಲಿ ಸೋರಿ ನನ್ನ ಮದುವೆಯ ಸೀರೆಗೆ ಎಣ್ಣೆ ಹಿಡಿದಿತ್ತು. ಚೌತಿಗೆ ಉಡಬೇಕು ಅಂತ ಒಯ್ದ ಸೀರೆ. ಅಂಚಿನಲ್ಲಿ ಆ ಕಲೆ ಇವತ್ತಿಗೂ ಇದೆ.

ಅಕ್ಕನ ಹಪ್ಪಳ ಬೇರೆಯೇ. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ, ನಡುನಡುವೆ ಜೀರಿಗೆಯ ಚುಕ್ಕೆ, ಅಂಚು ಒಂದೇ ಸಮ ಇಲ್ಲ. ಕೈಯಲ್ಲಿ ಒತ್ತಿದ್ದು ಅಂತ ಅಂಚು ನೋಡಿದರೆ ಗೊತ್ತಾಗುತ್ತದೆ. ಒಂದು ಕಟ್ಟಿನಲ್ಲಿ 25. ಬಾಳೆ ನಾರಿನಲ್ಲಿ ಅಡ್ಡ ಉದ್ದ ಕಟ್ಟಿರುತ್ತಾರೆ. ತೆಂಗಿನೆಣ್ಣೆ ಕಾಯಿಸಿ ಬಿಟ್ಟರೆ ಎರಡೇ ಸೆಕೆಂಡು, ನಡು ಮೊದಲು ಉಬ್ಬಿ ಆಮೇಲೆ ಅಂಚು ಹರಡುತ್ತದೆ, ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಕಪ್ಪಾಗಿ ಕಹಿ ಆಗುತ್ತದೆ. ಬಾಯಿಗಿಟ್ಟರೆ ಮೊದಲು ಹಲಸಿನ ಸಣ್ಣ ಸಿಹಿ, ಆಮೇಲೆ ಮೆಣಸು. ಅಂಗಡಿಯಲ್ಲಿ ಎರಡು ರಾಶಿ ಇತ್ತು. ನಾನು ಕೈ ಹಾಕಿದ ರಾಶಿಯಿಂದ ಅಕ್ಕ ನನ್ನ ಕೈ ಸರಿಸಿದರು. "ಅದು ಕಳೆದ ವರ್ಷದ್ದು ತಂಗೀ. ಇಲ್ಲಿ ಎರಡು ದಿವಸದಲ್ಲಿ ಕಾಯಿಸಿ ತಿನ್ನುವವರಿಗೆ ಆಗ್ತದೆ. ನೀವು ಒಂದು ವರ್ಷ ಇಟ್ಟು ತಿನ್ನುವವರು, ನಿಮಗೆ ಈ ವರ್ಷದ್ದೇ ಬೇಕು." ಹಳೆಯದಕ್ಕೆ ಬೆಲೆಯೂ ಕಡಿಮೆ. ಬಾಯ್ಮುಚ್ಚಿ ಕೊಟ್ಟಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ಹೊಸ ಹಪ್ಪಳ ಕಟ್ಟಿಗೆ 120 ರೂಪಾಯಿ, ಏಳು ಕಟ್ಟು ತೆಗೆದುಕೊಂಡೆ, ಅದರಲ್ಲಿ ಮಕ್ಕಳಿಗೆ ಅಂತ ಖಾರ ಇಲ್ಲದ್ದು ಎರಡು.

ಮತ್ತೆ ಏನೇನು ತೆಗೆದುಕೊಂಡೆ ಅಂದರೆ, ಮಿಡಿ ಉಪ್ಪಿನಕಾಯಿ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳ್ಕ ಮೆಣಸು, ಪುನರ್ಪುಳಿ (ಕೋಕಂ) ಸಿಪ್ಪೆ, ಮಾವಿನ ರಸ ಒಣಗಿಸಿದ ಮಾಂಬಳ, ಹಲಸಿನ ಹಣ್ಣನ್ನು ಬೆಲ್ಲ ಹಾಕಿ ಕಾಯಿಸಿದ ಬೆರಟಿ, ಸಾಂತಾಣಿ, ಐದು ಕಿಲೋ ಕುಚ್ಚಲಕ್ಕಿ. ಕುಚ್ಚಲಕ್ಕಿ ಅಲ್ಲಿಯೂ ಸಿಗುತ್ತದೆ, ಆದರೆ ಗಂಜಿಗೆ ನಮ್ಮ ಕಡೆಯ ಅಕ್ಕಿಯೇ ಬೇಕು ಅನ್ನುವುದು ಮನೆಯವರ ಹಠ. ಸಾಂತಾಣಿ ಗೊತ್ತಿಲ್ಲದವರಿಗೆ: ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ ಕಲ್ಲಿನ ಹಾಗೆ ಒಣಗಿಸುವುದು. ಬಾಯಿಗೆ ಹಾಕಿಕೊಂಡರೆ ಅರ್ಧ ಗಂಟೆ ಕೆಲಸ. ದೂರ ಪ್ರಯಾಣಕ್ಕೆ ಅದಕ್ಕಿಂತ ಒಳ್ಳೆಯ ತಿಂಡಿ ನನಗೆ ಗೊತ್ತಿಲ್ಲ. ಉಪ್ಪು ಸೊಳೆ ಕೇಳಿದ್ದಕ್ಕೆ ಅಕ್ಕ ಭರಣಿಯಿಂದ ತೆಗೆದು, ಉಪ್ಪುನೀರು ಪೂರ್ತಿ ಹಿಂಡಿ, ಮೇಲೆ ಒಂದು ಹಿಡಿ ಹೊಸ ಉಪ್ಪು ಉದುರಿಸಿ ಕಟ್ಟಿಕೊಟ್ಟರು. ನೀರು ಸಮೇತ ಒಯ್ದರೆ ತೂಕ ದಂಡ, ಸೋರುವ ಭಯ ಬೇರೆ.

ಪೆಟ್ಟಿಗೆ ಕಟ್ಟುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಗಲ್ಫ್‌ಗೆ ಹೋಗುವವರು ಇದನ್ನು ಒಮ್ಮೆ ನೋಡಲೇಬೇಕು. ಅಕ್ಕನ ತಮ್ಮ ಮೊದಲು ಉಪ್ಪಿನಕಾಯಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಕತ್ತಿನವರೆಗೆ ತುಂಬಿತ್ತು. ಮುಚ್ಚಳ ತೆಗೆದು ಎರಡು ಸೌಟು ಹೊರಗೆ ತೆಗೆದರು. ಉಪ್ಪಿನಕಾಯಿ ಒಳಗೆ ಹುಳಿಯುತ್ತಾ ಇರುತ್ತದೆ, ಗಾಳಿಗೆ ಜಾಗ ಇಲ್ಲದಿದ್ದರೆ ಮುಚ್ಚಳ ತಳ್ಳಿ ಎಣ್ಣೆ ಹೊರಗೆ ಬರುತ್ತದೆ ಅಂದರು. ನನ್ನ ಸೀರೆಗೆ ಆದದ್ದು ಅದೇ ಅಂತ ಅವತ್ತು ಗೊತ್ತಾಯಿತು. ಆಮೇಲೆ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮುಚ್ಚಳ, ಮುಚ್ಚಳಕ್ಕೆ ಮೂರು ಸುತ್ತು ಟೇಪ್, ಪೂರ್ತಿ ಬಾಟಲಿಗೆ ಎರಡು ಪ್ಲಾಸ್ಟಿಕ್ ಚೀಲ, ಮೇಲೆ ಹಳೆ ಪೇಪರ್. ರಟ್ಟಿನ ಪೆಟ್ಟಿಗೆಯ ತಳಕ್ಕೆ ಅಕ್ಕಿ. ಅಕ್ಕಿ ಚೀಲದ ನಡುವೆ ಕೈಯಲ್ಲಿ ಗುಂಡಿ ಮಾಡಿ ಅದರಲ್ಲಿ ಬಾಟಲಿ ನೆಟ್ಟಗೆ ಕೂರಿಸಿದರು, ಪೆಟ್ಟಿಗೆ ಅಲುಗಾಡಿದರೂ ಬಾಟಲಿ ಅಲುಗಾಡುವುದಿಲ್ಲ. ಸುತ್ತ ಪುನರ್ಪುಳಿ, ಬಾಳ್ಕ, ಸಾಂತಾಣಿ. ಹಪ್ಪಳ ಮೇಲೆ, ಮಲಗಿಸಿ, ಒಂದು ಕಟ್ಟು ಇನ್ನೊಂದಕ್ಕೆ ತಾಗುವಲ್ಲಿ ಪೇಪರ್ ಮಡಚಿ ಇಟ್ಟು. ಕೊನೆಗೆ ಹಳದಿ ಹಗ್ಗ. ಹಗ್ಗದ ಗಂಟು ಕೈಗೆ ಹಿಡಿಯಲು ಬರುವ ಹಾಗೆ ಮೇಲೆ ಒಂದು ಕುಣಿಕೆ. ಎರಡು ಬದಿಗೆ ಹೆಸರು, ಫೋನ್ ನಂಬರ್ ಬರೆಸಿ, ತೂಕದ ಯಂತ್ರದ ಮೇಲಿಟ್ಟರು. 18 ಕಿಲೋ 400 ಗ್ರಾಂ. ಕಟ್ಟುವುದಕ್ಕೆ ಅಂತ ಬೇರೆ ತೆಗೆದುಕೊಂಡದ್ದು 60 ರೂಪಾಯಿ, ಪೆಟ್ಟಿಗೆ ಸೇರಿ.

ಮಂಗಳೂರಿನಿಂದ ಮೂರೂವರೆ ಗಂಟೆಯ ಹಾರಾಟ. ಇಳಿದು ಬೆಲ್ಟಿನ ಮುಂದೆ ನಿಂತಾಗ ಸುತ್ತ ಎಲ್ಲ ಹಗ್ಗ ಕಟ್ಟಿದ ಪೆಟ್ಟಿಗೆಗಳು, ನಮ್ಮವರದ್ದೇ. ಶಾರ್ಜಾದ ಮನೆ ಮುಟ್ಟಿ ಮೊದಲು ಬಿಚ್ಚಿದ್ದು ಇದನ್ನೇ. ಬಾಟಲಿಯ ಸುತ್ತಿನ ಪೇಪರ್‌ನಲ್ಲಿ ಒಂದು ಚುಕ್ಕೆ ಎಣ್ಣೆ ಇಲ್ಲ. ಏಳು ಕಟ್ಟಿನಲ್ಲಿ ಒಡೆದದ್ದು ನಾಲ್ಕು ಹಪ್ಪಳ. ನಾನು ಎಣಿಸಿದ್ದೇನೆ.

ಅತ್ತೆಗೆ ಕೂಡಲೇ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಇಲ್ಲಿ ಗಡಿಯಾರ ಊರಿಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಆಗಲೇ ರಾತ್ರಿ ಹತ್ತೂವರೆ. ಅವರು ಮಲಗದೆ ಕಾದಿದ್ದರು.

ಚೌತಿ ವಿಷಯಕ್ಕೆ ಬರುತ್ತೇನೆ. ಹಬ್ಬ ವಾರದ ನಡುವೆ ಬಂದರೆ ಬೆಳಗ್ಗೆ ದೇವರಿಗೆ ದೀಪ, ನೈವೇದ್ಯ ಮಾಡಿ ಕೆಲಸಕ್ಕೆ ಓಡುವುದು, ಊಟದ ಗೌಜಿ ಶನಿವಾರಕ್ಕೆ. 2022ರಿಂದ ಇಲ್ಲಿ ಶನಿವಾರ, ಭಾನುವಾರ ರಜೆ ಆದ ಮೇಲೆ ನಮಗೆ ಅನುಕೂಲ ಆಗಿದೆ, ಮೊದಲು ಶುಕ್ರವಾರ ಒಂದೇ ದಿವಸಕ್ಕೆ ಎಲ್ಲ ಹಿಡಿಸಬೇಕಿತ್ತು. ನಮ್ಮದು ಒಂದು ಬೆಡ್‌ರೂಮಿನ ಮನೆ. ಕುಂಬಳೆಯವರು, ಮಂಜೇಶ್ವರದವರು, ಪುತ್ತೂರಿನ ಒಂದು ಸಂಸಾರ, ಎಲ್ಲ ಸೇರಿ ಹದಿನೆಂಟು ಜನ. ಬಾಳೆ ಎಲೆ ದುಬೈಯ ಕರಾಮಾದಿಂದ. ಕೊಟ್ಟೆ ಕಟ್ಟಲು ಹಲಸಿನ ಎಲೆ ಇಲ್ಲ, ಸ್ಟೀಲ್ ಲೋಟದಲ್ಲಿ ಕಡುಬು ಬೇಯಿಸುವುದು. ಪಂಚಕಜ್ಜಾಯ, ಸೌತೆಕಾಯಿ ಸಾಂಬಾರು, ಉಪ್ಪು ಸೊಳೆಯ ಪಲ್ಯ, ಪಾಯಸ. ಹಪ್ಪಳ ಕಾಯಿಸುವ ಕೆಲಸ ಕೊನೆಗೆ, ಎಲ್ಲರೂ ಕೂತ ಮೇಲೆ. ಅಡುಗೆಮನೆಯ ಬಾಗಿಲು ಹಾಕಿ, ಫ್ಯಾನ್ ಪೂರ್ತಿ ಜೋರು ಮಾಡಿ ನಾನು ಕಾಯಿಸುತ್ತಾ ಹೋದೆ, ಮಗಳು ಬಡಿಸುತ್ತಾ ಹೋದಳು. ಕುಂಬಳೆಯ ಮಾವ ಒಬ್ಬರು, ವಯಸ್ಸಾದವರು, ಮಗನ ಮನೆಗೆ ಅಂತ ಬಂದು ಮೂರು ತಿಂಗಳಾಗಿತ್ತು. ಹಪ್ಪಳ ಮುರಿದು ಬಾಯಿಗಿಟ್ಟವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಇದು ಯಾರ ಮನೆಯದ್ದು ಮಗಳೇ?" ಅಂತ ಕೇಳಿದರು. ಯಾವ ಅಂಗಡಿಯದ್ದು ಅಂತ ಕೇಳಲಿಲ್ಲ, ನೋಡಿ.

ಅಕ್ಕನ ಸಾಮಾನು ನಾನು ತಿಂದದ್ದು ಅದೇ ಮೊದಲಲ್ಲ. ಕಳೆದ ವರ್ಷ ನಾವು ಊರಿಗೆ ಹೋಗಿರಲಿಲ್ಲ. ರಜೆಯ ಸಮಯಕ್ಕೆ ನಾಲ್ಕು ಜನರ ಟಿಕೆಟ್ ಬೆಲೆ ನೋಡಿ ಕೈಬಿಟ್ಟೆವು. ನಮ್ಮ ಪಕ್ಕದ ಮನೆಯ ಹುಡುಗ ಕಣ್ಣೂರಿನಿಂದ ಬರುವವನಿದ್ದ. ಅತ್ತೆ ಅವನ ಕೈಯಲ್ಲಿ ಒಂದು ಸಣ್ಣ ಕಟ್ಟು ಕಳಿಸಿದ್ದರು, ಎರಡು ಕಟ್ಟು ಹಪ್ಪಳ, ಬಾಳ್ಕ, ಸಾಂತಾಣಿ. ಎಲ್ಲಿಂದ ತಂದದ್ದು ಅಂತ ಆಗ ನಾನು ಕೇಳಿರಲಿಲ್ಲ. ಮಳೆ ನೋಡದೆ ವರ್ಷ ಕಳೆಯುವುದು ಆಗುವುದಿಲ್ಲ ಅಂತ ಮಕ್ಕಳನ್ನು ಕರೆದುಕೊಂಡು ಒಮಾನಿನ ಸಲಾಲಾಕ್ಕೆ ಕಾರಿನಲ್ಲಿ ಹೊರಟೆವು. ಆ ಕಟ್ಟು ನಮ್ಮ ಜೊತೆ ಬಂತು.

ಶಾರ್ಜಾದಿಂದ ಸಲಾಲಾಕ್ಕೆ ಸುಮಾರು 1,200 ಕಿಲೋಮೀಟರ್. ಅಲ್ ಐನ್ ಹತ್ತಿರ ಒಮಾನ್ ಗಡಿ, ಅಲ್ಲಿ ಪಾಸ್‌ಪೋರ್ಟ್, ಕಾರಿನ ಇನ್ಶೂರೆನ್ಸ್‌ನ ಆರೆಂಜ್ ಕಾರ್ಡ್ ತೋರಿಸಬೇಕು. ಗಡಿ ನಮಗೆ ಹೊಸತಲ್ಲ. ಅಡ್ಕಸ್ಥಳ ದಾಟಿದರೆ ಕರ್ನಾಟಕ, ತಲಪಾಡಿಯಲ್ಲಿ ಬಸ್ಸು ಇಳಿದು ಬಸ್ಸು ಹತ್ತಿ ಮಂಗಳೂರಿಗೆ ಓದಲು ಹೋದವಳು ನಾನು. ಒಮಾನ್ ಗಡಿ ದಾಟಿದರೆ ದಾರಿಯಲ್ಲಿ ಸಿಗುವ ಊರು ನಿಜ್ವಾ, ಆದಂ, ಹೈಮಾ, ತುಮ್ರೈತ್. ಆದಂ ದಾಟಿದ ಮೇಲೆ ಗಂಟೆಗಟ್ಟಲೆ ಒಂದು ಮರ ಇಲ್ಲ. ಮಕ್ಕಳ ಬಾಯಲ್ಲಿ ಸಾಂತಾಣಿ. ಹೈಮಾದಲ್ಲಿ ರಾತ್ರಿ ಉಳಿದು ಮರುದಿವಸ ತುಮ್ರೈತ್ ಬಿಟ್ಟು ಗುಡ್ಡ ಹತ್ತಿ ಇಳಿಯುವಾಗ, ನಂಬಿ, ಒಂದು ತಿರುವಿನಲ್ಲಿ ಮಂಜು ಮುಚ್ಚಿತು. ಅದರ ಆಚೆ ಎಲ್ಲ ಹಸಿರು. ಅಲ್ಲಿ ಅದಕ್ಕೆ ಖರೀಫ್ ಅನ್ನುತ್ತಾರೆ, ಜೂನ್ 21ರಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಊರಿಗೆ ಮಳೆ ತರುವ ಅದೇ ನೈಋತ್ಯದ ಗಾಳಿ ಅದು. ಸುರಿಯುವ ಮಳೆ ಅಲ್ಲ, ಮುಖಕ್ಕೆ ಹನಿ ಹತ್ತುವ ಜುಮುರು ಮಳೆ. ಪೇಟೆಗೆ ಇಳಿದರೆ ರಸ್ತೆ ಬದಿಯಲ್ಲಿ ತೆಂಗಿನ ತೋಟ, ಬಾಳೆ ತೋಟ, ಗೂಡಂಗಡಿಯಲ್ಲಿ ಎಳನೀರು, ಬಾಳೆಗೊನೆ ತೂಗು ಹಾಕಿದ್ದಾರೆ. ಮಗ ಕಾರಿನ ಕಿಟಕಿ ಇಳಿಸಿ, "ಅಮ್ಮಾ, ಅಜ್ಜಿ ಮನೆ ಬಂತಾ?" ಅಂದ. ಅವನಿಗೆ ಆಗ ಆರು ವರ್ಷ.

ಮರುದಿವಸ ಇತ್ತೀನ್ ಗುಡ್ಡದ ಮೇಲೆ ಎಲ್ಲರ ಹಾಗೆ ನಾವೂ ಚಾಪೆ ಹಾಸಿ, ಗ್ಯಾಸ್ ಒಲೆ ಹಚ್ಚಿ ಗಂಜಿ ಬೇಯಿಸಿದೆವು. ಬಾಳ್ಕ ಹುರಿದು, ಹಪ್ಪಳ ಕಾಯಿಸಿದೆ. ತೇವ ಗಾಳಿಯಲ್ಲಿ ಹಪ್ಪಳ ತಟ್ಟೆಗೆ ಬಿದ್ದ ಎರಡು ನಿಮಿಷಕ್ಕೆ ಮೆತ್ತಗಾಗುತ್ತದೆ, ಅದಕ್ಕೆ ಬಾಣಲೆಯಿಂದ ತೆಗೆದದ್ದನ್ನು ನೇರ ಕೈಗೇ ಕೊಟ್ಟೆ. ಪಕ್ಕದಲ್ಲಿ ಕೂತಿದ್ದ ಒಮಾನಿ ಸಂಸಾರದ ಮಕ್ಕಳು ನೋಡುತ್ತಾ ಇದ್ದರು, ಅವರಿಗೂ ಕೊಟ್ಟೆವು. ಅವರು ನಮಗೆ ಖರ್ಜೂರ, ಕಾಫಿ ಕೊಟ್ಟರು. ಆಮೇಲೆ ಆ ಮನೆಯ ಹೆಂಗಸು ಕೈಸನ್ನೆ ಮಾಡಿ ಇದು ಯಾವುದರದ್ದು ಅಂತ ಕೇಳಿದಳು, ಹಲಸು ಅಂತ ಹೇಗೆ ಹೇಳುವುದು? ಮಗಳು ಪುಸ್ತಕದಲ್ಲಿ ಹಲಸಿನ ಹಣ್ಣಿನ ಚಿತ್ರ ಬರೆದು ತೋರಿಸಿದಳು.

ಆ ಹಪ್ಪಳದ ಕಟ್ಟಿನ ಮೇಲೆ ಅಂಟಿಸಿದ್ದ ಚೀಟಿ ನೋಡಿಯೇ ಈ ಸಲ ಅಂಗಡಿ ಹುಡುಕಿಕೊಂಡು ಹೋದದ್ದು. ಚೀಟಿಯಲ್ಲಿ ಕನ್ನಡ ಮೇಲೆ, ಮಲಯಾಳ ಕೆಳಗೆ. ಮಗಳು ಕಲಿಯುವ ಶಾಲೆಯಲ್ಲಿ ಕನ್ನಡ ಇಲ್ಲ. ವಾರಕ್ಕೊಮ್ಮೆ ಕನ್ನಡ ತರಗತಿಗೆ ಕರೆದುಕೊಂಡು ಹೋಗುತ್ತೇನೆ. ಒತ್ತಕ್ಷರ ಕಂಡರೆ ಅವಳಿಗೆ ಭಯ. ಈ ಚೀಟಿಯಲ್ಲಿದ್ದ 'ಹಪ್ಪಳ'ದ ಪ್ಪ ಹಿಡಿದುಕೊಂಡು ಅವಳು ಅಪ್ಪ, ಉಪ್ಪು, ತುಪ್ಪ ಎಲ್ಲ ಬರೆದಳು. ಕಾಸರಗೋಡಿನಲ್ಲಿ ಕನ್ನಡದ ಬೋರ್ಡಿಗೆ, ಕನ್ನಡದ ಅರ್ಜಿಗೆ ನಮ್ಮ ಹಿರಿಯರು ಊರು ಕೇರಳಕ್ಕೆ ಸೇರಿದ 1956ರಿಂದ ಹೋರಾಡಿಕೊಂಡು ಬಂದವರು. ಅಂಥ ಕಡೆ ಒಬ್ಬರು ಹಪ್ಪಳದ ಕಟ್ಟಿಗೂ ನೆನಪಿಟ್ಟು ಕನ್ನಡದ ಚೀಟಿ ಅಂಟಿಸುತ್ತಾರೆ ಅಂದರೆ ನನಗೆ ಅದು ಸಣ್ಣ ವಿಷಯ ಅಲ್ಲ.

ಕೊರತೆಯೂ ಇದೆ, ಅದನ್ನೂ ಹೇಳಬೇಕು. ಹಪ್ಪಳದ ಚೀಟಿಯಲ್ಲಿ ಮಾಡಿದ ತಿಂಗಳು ಬರೆದಿಲ್ಲ. ಅಕ್ಕ ಬಾಯಲ್ಲಿ ಹೇಳುತ್ತಾರೆ ಸರಿ, ಆದರೆ ನನ್ನ ಅತ್ತೆಯ ಹಾಗೆ ಬೇರೆಯವರ ಕೈಯಲ್ಲಿ ಕಳಿಸುವವರಿಗೆ ಅದು ಗೊತ್ತಾಗಬೇಕಲ್ವಾ? ಇದನ್ನು ಅವರಿಗೇ ಹೇಳಿದ್ದೇನೆ, ಮುಂದಿನ ಸಲ ಬರೆಸುತ್ತೇನೆ ಅಂದಿದ್ದಾರೆ. ಬಾಳ್ಕ ಮೆಣಸಿಗೆ ಉಪ್ಪು ಸ್ವಲ್ಪ ಜಾಸ್ತಿ. ನೇಂದ್ರ ಚಿಪ್ಸ್ ಇಟ್ಟಿದ್ದಾರೆ, ಹೊರಗಿನಿಂದ ತರಿಸಿದ್ದು, ತೆಂಗಿನೆಣ್ಣೆಯಲ್ಲಿ ಕರಿದದ್ದಲ್ಲ, ಅದನ್ನು ಇಲ್ಲಿ ತೆಗೆದುಕೊಳ್ಳಬೇಡಿ, ಕಾಸರಗೋಡು ಪೇಟೆಯಲ್ಲಿ ಕಣ್ಣೆದುರು ಕರಿದು ಕೊಡುವಲ್ಲಿ ತೆಗೆದುಕೊಳ್ಳಿ. ಬೆರಟಿ ನನಗೆ ಸಿಹಿ ಜಾಸ್ತಿ ಅನ್ನಿಸಿತು, ಮನೆಯವರಿಗೆ ಇಷ್ಟ ಆಯಿತು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ, ನಾವು ಮೊದಲ ದಿವಸ ಹೋಗಿ ಮಳೆಯಲ್ಲಿ ಕಾದು ವಾಪಸ್ ಬಂದೆವು. ಕಾರು ನಿಲ್ಲಿಸಲು ಜಾಗ ಇಲ್ಲ, ರಸ್ತೆ ಬದಿಗೆ ಚರಂಡಿ ಇದೆ, ಮಳೆಗಾಲದಲ್ಲಿ ಜಾಗ್ರತೆ.

ಇನ್ನೊಂದು, ಶಾರ್ಜಾ, ದುಬೈಯಲ್ಲಿ ಬೇಸಗೆಯ ತೇವಕ್ಕೆ ಹಪ್ಪಳ ಹೊರಗಿಟ್ಟರೆ ಬಗ್ಗುತ್ತದೆ. ನಾರಿನ ಕಟ್ಟು ಹಾಗೆಯೇ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬಾಲ್ಕನಿ ಬಿಸಿಲಿಗೆ ಹಾಕಿದರೆ ಮರಳಿನ ಧೂಳು ಕೂರುತ್ತದೆ, ನಾನು ಒಂದು ಕಟ್ಟು ಹಾಗೆ ಹಾಳು ಮಾಡಿಕೊಂಡಿದ್ದೇನೆ.

ಜುಲೈ, ಆಗಸ್ಟ್‌ನಲ್ಲಿ ಊರಿಗೆ ಬರುವವರು ಬಂದ ಮೊದಲ ವಾರವೇ ಹೋಗಿ ಹೇಳಿ ಇಡಿ. ಚೌತಿ ಹತ್ತಿರ ಬಂದರೆ ಈ ವರ್ಷದ ಹಪ್ಪಳ ಮುಗಿದಿರುತ್ತದೆ, ಮಾಡುವುದೇ ಮನೆಯವರು ಮತ್ತು ನೆರೆಮನೆಯ ಮೂರು ನಾಲ್ಕು ಹೆಂಗಸರು. ನಾನು ಮುಂದಿನ ವರ್ಷದ್ದು ಈಗಲೇ ವಿಡಿಯೋ ಕಾಲ್ ಮಾಡಿ ಹೇಳಿ ಇಟ್ಟಿದ್ದೇನೆ. ಅಕ್ಕ ಗೋಡೆಯ ಕ್ಯಾಲೆಂಡರಿನ ಮೇ ತಿಂಗಳ ಹಾಳೆ ಎತ್ತಿ, ಪೆನ್ಸಿಲಿನಲ್ಲಿ 'ಶಾರ್ಜಾ, ಹತ್ತು ಕಟ್ಟು, ಖಾರ ಇಲ್ಲದ್ದು ಮೂರು' ಅಂತ ಬರೆದುಕೊಂಡರು. ಖಾರ ಇಲ್ಲದ್ದು ಒಂದು ಹೆಚ್ಚು ಯಾಕೆ ಅಂತ ಕೇಳಿದರು. ಕುಂಬಳೆಯ ಮಾವ ಮತ್ತೆ ಬರುತ್ತಾರಂತೆ, ಅವರಿಗೆ ಈಗ ಖಾರ ಆಗುವುದಿಲ್ಲ.